ಮೂರು ಟ್ಯಾಂಕರ್ ನೀರು

ಬೆಂಚಿನ ನಾಲ್ಕೂ ಕಾಲುಗಳ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ತುಂಡುಗಳಿದ್ದವು. ಚಪ್ಪಲಿಯ ಹಿಮ್ಮಡಿ ಸವೆದಿರುತ್ತದೆ, ಆದ್ದರಿಂದ ನಡುಭಾಗದಿಂದ ಕತ್ತರಿಸಿ, ಸೈಕಲ್ ಪಂಕ್ಚರಿಗೆ ಹಚ್ಚುವ ಅಂಟಿನಿಂದ ಅಂಟಿಸಿದ್ದು. ಹನ್ನೆರಡು ಬೆಂಚು, ನಲವತ್ತೆಂಟು ತುಂಡು.

ಉಪಾಯ ಮಕ್ಕಳದು. ಬೈಕುಲ್ಲಾದ ನಮ್ಮ ಶಾಲೆಯ ಕಟ್ಟಡದಲ್ಲಿ ಒಂದೊಂದು ಮಹಡಿಗೆ ಒಂದೊಂದು ಭಾಷೆ. ಕನ್ನಡ ಮೂರನೆಯ ಮಹಡಿಯಲ್ಲಿ, ನಮ್ಮ ಕೆಳಗೆ ಮರಾಠಿ ಒಂದನೆಯ ತರಗತಿ. ಏಳನೆಯ ತರಗತಿಯ ಇಪ್ಪತ್ನಾಲ್ಕು ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪಾಗಿ ಎದುರುಬದುರು ಕೂರಿಸಬೇಕೆಂದರೆ ಗಣಿತದ ಪೀರಿಯಡ್ಡಿನ ಮೊದಲು ಬೆಂಚುಗಳನ್ನು ತಿರುಗಿಸಬೇಕು, ಮುಗಿದ ಮೇಲೆ ಮತ್ತೆ ಸಾಲಾಗಿ ಇಡಬೇಕು. ಎರಡನೆಯ ದಿನವೇ ಕೆಳಗಿನ ಮರಾಠಿ ಟೀಚರ್ ಒಂದು ಮಗುವಿನ ಕೈಯಲ್ಲಿ ಚೀಟಿ ಕಳಿಸಿದರು: ಮೇಲೆ ಏನು, ಮನೆ ಖಾಲಿ ಮಾಡುತ್ತಿದ್ದೀರಾ? ಅದಾದ ಮೇಲೆ ಚಪ್ಪಲಿಗಳು ಬಂದವು.

ನಮ್ಮ ಹೆಡ್ ಟೀಚರ್ ಉಡುಪಿ ಕಡೆಯವರು, ಮೂವತ್ತು ವರ್ಷದಿಂದ ಈ ಊರಿನಲ್ಲಿ ಪಾಠ ಹೇಳುತ್ತ ಬಂದವರು. ಮೊದಲ ವಾರ ಬಾಗಿಲಲ್ಲಿ ನಿಂತು ಒಂದು ಸುತ್ತು ನೋಡಿದರು.

"ಇದೆಂತ ಮಾರಾಯ್ರೆ, ಕ್ಲಾಸಾ, ಮದುವೆ ಊಟದ ಹಾಲಾ? ಅರ್ಧ ಮಕ್ಕಳು ಬೋರ್ಡಿಗೆ ಬೆನ್ನು ಹಾಕಿ ಕೂತಿದ್ದಾರಲ್ಲ."

"ಬೋರ್ಡಿನಲ್ಲಿ ಏನೂ ಬರೆದಿಲ್ಲ ಮೇಡಂ" ಎಂದೆ.

"ಅದೇ ನಾನೂ ನೋಡ್ತಾ ಇರೋದು" ಎಂದು ಹೋದರು.

ನಾನು ಬಿ.ಎಡ್. ಮಾಡುವಾಗ ರಚನಾವಾದದ ಬಗ್ಗೆ ಒಳ್ಳೆಯ ಉತ್ತರಗಳನ್ನು ಬರೆದಿದ್ದೆ. ಮಗು ಖಾಲಿ ಪಾತ್ರೆಯಲ್ಲ, ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ, ಗೊತ್ತಿರುವುದರ ಮೇಲೆ ಗೊತ್ತಿಲ್ಲದ್ದನ್ನು ಇಟ್ಟು ನೋಡುತ್ತದೆ ಎಂದೆಲ್ಲ, ಅಂಡರ್‌ಲೈನ್ ಸಮೇತ. ಮುಲುಂಡಿನಿಂದ ಸ್ಲೋ ಲೋಕಲ್ ರೈಲು ಹಿಡಿದು ಈ ಶಾಲೆಗೆ ಬರಲು ಶುರುಮಾಡಿ ಎರಡು ವರ್ಷವಾಗಿತ್ತು. ಆ ವರ್ಷ ಯಾವುದೋ ಕಂಪನಿಯವರು ಆರು ಟ್ಯಾಬ್ ಕೊಟ್ಟಿದ್ದರು. ಗುಂಪಿಗೊಂದು ಟ್ಯಾಬ್ ಹಂಚಿದೆ. ಅದರಲ್ಲಿ ಪ್ರಶ್ನೆಗಳ ಒಂದು ಆ್ಯಪ್ ಇತ್ತು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಸರದಿಯಂತೆ ತಮ್ಮ ನಂಬರ್ ಒತ್ತಿ ಐದು ಪ್ರಶ್ನೆಗೆ ಉತ್ತರಿಸಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಇಪ್ಪತ್ನಾಲ್ಕು ಜನರ ಬಣ್ಣವೂ ನನ್ನ ಫೋನಿನಲ್ಲಿ ಕಾಣುತ್ತಿತ್ತು. ಜತೆಗೆ ನಾನೊಂದು ನಿಯಮ ಮಾಡಿದೆ: ಗುಂಪಿನ ನಾಲ್ವರೂ ಹಸಿರಾದರೆ ಮಾತ್ರ ಆ ಗುಂಪಿಗೆ ಗೋಡೆಯ ಮೇಲೆ ಒಂದು ನಕ್ಷತ್ರ. ಒಬ್ಬರನ್ನೊಬ್ಬರು ಬಿಟ್ಟು ಮುಂದೆ ಹೋಗಬಾರದು ಎನ್ನುವುದು ನನ್ನ ಲೆಕ್ಕ.

ಜುಲೈಯಲ್ಲಿ ಒಬ್ಬಳು ಹೊಸ ಹುಡುಗಿ ಬಂದಳು. ವಿಜಯಪುರ ಜಿಲ್ಲೆಯವಳು, ಹದಿಮೂರು ವರ್ಷ, ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸದವರು. ಪುಣೆ, ಪನ್ವೇಲ್ ಎಂದು ಸೈಟಿನಿಂದ ಸೈಟಿಗೆ ಹೋಗುತ್ತ ಇವಳ ಓದು ಒಂದೂವರೆ ವರ್ಷ ನಿಂತುಹೋಗಿತ್ತು. ವಯಸ್ಸಿನ ಪ್ರಕಾರ ಏಳಕ್ಕೆ ಸೇರಿಸಿಕೊಂಡೆವು. ಆದರೆ ಭಾಗಾಕಾರ ಬರುತ್ತಿರಲಿಲ್ಲ. ಗಣಿತದ ಪೀರಿಯಡ್ಡಿಗೆ ಮಾತ್ರ ಐದನೆಯ ತರಗತಿಯಲ್ಲಿ ಕೂರಲಿ ಎಂದರು ಹೆಡ್ ಟೀಚರ್. ಐದರಲ್ಲಿ ಅವಳ ತಂಗಿ ಇದ್ದಳು.

ಹೇಳಿದ ಮರುದಿನ ಅವಳ ತಾಯಿ ಬಂದರು. ಕೂದಲಿನಲ್ಲಿ ಸಿಮೆಂಟಿನ ಧೂಳಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತಂಗಿ ಬಾಜೂಕ ಕುಂಡ್ರಸ್ತೀರೇನ್ರಿ ಅಕ್ಕೋರ? ಮನೀಗಿ ಬಂದು ಆಕಿ ಒಂದ ತುತ್ತ ಉಂಡಿಲ್ಲ. ಹಂಗ ಕುಂಡ್ರಸೂದಾದ್ರ ಬ್ಯಾಡ ಬಿಡ್ರಿ. ನನ್ನ ಸಂಗಟ ಕೆಲಸಕ್ಕ ಬರ್ತಾಳ. ಉಸುಕು ಹೊರೂದಕ್ಕ ಯಾವ ಕ್ಲಾಸೂ ಬೇಕಾಗಿಲ್ಲ."

ಅವರು ಬೆದರಿಸುತ್ತಿರಲಿಲ್ಲ. ಇರುವುದನ್ನು ಹೇಳುತ್ತಿದ್ದರು. ನಾನು ಹೆಡ್ ಟೀಚರಿಗೆ, ದೀಪಾವಳಿ ರಜೆಯವರೆಗೆ ನನ್ನ ತರಗತಿಯಲ್ಲೇ ಇರಲಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ದೀಪಾವಳಿಗೆ ನಾನೇ ಅವಳಿಗೆ ಲೆಕ್ಕ ಕೊಟ್ಟು ನೋಡ್ತೇನೆ, ಬಾರದಿದ್ದರೆ ಐದಕ್ಕೇ. ಮತ್ತೆ ಬೇಜಾರು ಮಾಡಬಾರದು" ಎಂದರು.

ತರಗತಿಯ ಅತಿ ಚುರುಕಿನ ಗುಂಪಿನಲ್ಲಿ ಒಬ್ಬ ಹುಡುಗ ಶಾಲೆ ಬಿಟ್ಟು ಜಾಗ ಖಾಲಿಯಾಗಿತ್ತು, ಅವಳನ್ನು ಅಲ್ಲಿಗೆ ಹಾಕಿದೆ. ಆ ಗುಂಪಿನ ಮುಖಂಡಿ ಇಲ್ಲಿಯೇ ಚಾಳಿನ ವಠಾರದಲ್ಲಿ ಹುಟ್ಟಿ ಬೆಳೆದ ಬೆಳಗಾವಿ ಕಡೆಯವರ ಮಗಳು, ನಾಲಿಗೆ ಸುಮ್ಮನಿರದ ಹುಡುಗಿ. ಹೊಸಬಳು ಮಾತಾಡುತ್ತಿರಲಿಲ್ಲ. ಆದರೆ ಮೂರನೆಯ ವಾರಕ್ಕೆ ಅವಳ ಸಾಲು ಹಸಿರಾಗತೊಡಗಿತು. ಆಗಸ್ಟ್ ಪೂರ್ತಿ ಹಸಿರು. ಗೋಡೆಯ ಮೇಲೆ ಆ ಗುಂಪಿನ ನಕ್ಷತ್ರಗಳು ಎಲ್ಲರಿಗಿಂತ ಹೆಚ್ಚಾದವು. ಸಾಮಾನ್ಯವಾಗಿ ನಾನು ಏನನ್ನೂ ಯಾರ ಬಳಿಯೂ ಒಯ್ದು ತೋರಿಸುವವಳಲ್ಲ. ಆ ಸಲ ಫೋನ್ ಹಿಡಿದು ಆಫೀಸಿಗೆ ಹೋದೆ. ಹೆಡ್ ಟೀಚರ್ ಕನ್ನಡಕ ಹಾಕಿಕೊಂಡು ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಸೆಪ್ಟೆಂಬರಿನಲ್ಲಿ ಮುಖಂಡಿ ಚಿಕ್ಕಪ್ಪನ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದಳು. ಆ ನಾಲ್ಕೂ ದಿನ ಹೊಸ ಹುಡುಗಿಯ ಸಾಲು ಕೆಂಪು. ಮೊದಲ ದಿನ ಜ್ವರವಿರಬಹುದು ಎಂದುಕೊಂಡೆ. ಎರಡನೆಯ ದಿನ ಟ್ಯಾಬ್ ಕೆಟ್ಟಿರಬಹುದು ಎಂದುಕೊಂಡೆ. ಮೂರನೆಯ ದಿನ ಏನೂ ಅಂದುಕೊಳ್ಳಲಿಲ್ಲ, ಮನಸ್ಸಿಗೆ ಗೊತ್ತಾಗಿತ್ತು. ಮುಖಂಡಿ ಮರಳಿದ ದಿನ ಶಾಲೆ ಬಿಟ್ಟ ಮೇಲೆ ನಾಲ್ವರನ್ನೂ ಕೂರಿಸಿಕೊಂಡೆ.

"ಇವಳ ನಂಬರ್ ಒತ್ತಿ ಉತ್ತರ ಹಾಕ್ತಿದ್ದವರು ಯಾರು?"

ಮುಖಂಡಿ ಕೈ ಎತ್ತಿದಳು. ಮುಚ್ಚಿಡಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ನಾನೇ ಟೀಚರ್. ಯಾಕೆ?"

"ಅದು ತಪ್ಪು ಅಂತ ಗೊತ್ತಿಲ್ವಾ?"

"ಕಾಪಿ ಮಾಡಿದ್ರೆ ತಪ್ಪು ನಾ ಟೀಚರ್. ಇವಳು ಕಾಪಿ ಮಾಡೇ ಇಲ್ಲ. ನಾನೇ ತುಂಬಿಸ್ದೆ." ನನಗೆ ಅರ್ಥವಾಗಲಿಲ್ಲವೆಂದು ಕಂಡಾಗ ನಿಧಾನವಾಗಿ, ದಡ್ಡರಿಗೆ ಹೇಳುವಂತೆ ಹೇಳಿದಳು: "ನೋಡಿ, ನಮ್ಮ ಚಾಳಲ್ಲಿ ಸುಬಹ ಐದೂವರೆಗೆ ನಲ್ಲಿ ಬರ್ತದೆ. ಬಾಜೂವಾಲಿ ಆಂಟಿಗೆ ಟೈಮ್ ಆಗ್ಲಿಲ್ಲ ಅಂದ್ರೆ ಅವರ ಹಂಡೆನೂ ಲೈನಲ್ಲಿದ್ದೋರೇ ತುಂಬಿಸಿ ಬಾಗಿಲಲ್ಲಿ ಇಡ್ತಾರೆ. ಅವರ ಹಂಡೆ ಖಾಲಿ ಬಿಟ್ಟು ಬಂದ್ರೆ ಮಮ್ಮಿ ನಂಗೇ ಬೈತಾಳೆ. ನೀವೂ ಹಂಗೇ ಹೇಳಿದ್ರಿ ನಾ? ಎಲ್ರೂ ಹಸಿರು, ತಭೀ ನಕ್ಷತ್ರ."

ನಾನು ಹಾಗೆಯೇ ಹೇಳಿದ್ದೆ. ಅವರು ಮೋಸ ಮಾಡಿರಲಿಲ್ಲ. ನಾನು ಮಾಡಿದ ನಿಯಮವನ್ನು, ಅವರು ಬಲ್ಲ ಅತ್ಯಂತ ಒಳ್ಳೆಯ ರೀತಿಯಲ್ಲಿ ಪಾಲಿಸಿದ್ದರು. ಹೊಸ ಹುಡುಗಿ ತಲೆ ತಗ್ಗಿಸಿ ಟ್ಯಾಬಿನ ಕವರಿನ ಜಿಪ್ಪನ್ನು ಎಳೆಯುತ್ತಿದ್ದಳು. ಎರಡು ತಿಂಗಳು ಅವಳು ಗುಂಪಿನಲ್ಲಿ ಮಾಡಿದ ಕೆಲಸ ಅದು: ಟ್ಯಾಬನ್ನು ಕವರಿನಿಂದ ತೆಗೆಯುವುದು, ಮತ್ತೆ ಕವರಿಗೆ ಹಾಕುವುದು. ಮೂವರ ಒಳ್ಳೆಯತನದ ಹಿಂದೆ ಅವಳು ಕಾಣದಂತಾಗಿದ್ದಳು, ಮತ್ತು ಹಸಿರು ಬಣ್ಣ ನೋಡುತ್ತಿದ್ದ ನಾನು ಅವಳನ್ನು ನೋಡಿರಲಿಲ್ಲ.

ಮರುದಿನ ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಹೆಡ್ ಟೀಚರ್ ಬೈಯಬಹುದೆಂದು ಕಾದೆ. ಅವರು ಬೈಯಲಿಲ್ಲ.

"ಯಂತ್ರ ಹಸಿರು ಅಂದರೆ ಹಸಿರಾ? ಹುಡುಗಿ ಮುಖ ಎಂತ ಬಣ್ಣದಲ್ಲಿತ್ತು, ನೋಡಿದಿರಾ?"

"ಇಲ್ಲ ಮೇಡಂ."

"ದೀಪಾವಳಿಗೆ ಐದು ವಾರ ಉಂಟು. ನಾನು ಒಬ್ಬಳನ್ನೇ ಕರೀತೇನೆ. ಗುಂಪೂ ಇಲ್ಲ, ಟ್ಯಾಬೂ ಇಲ್ಲ."

ನಕ್ಷತ್ರದ ನಿಯಮವನ್ನು ತೆಗೆದುಹಾಕಿದೆ. ಗುಂಪುಗಳನ್ನು ಉಳಿಸಿಕೊಂಡೆ. ಹೊಸ ನಿಯಮ ಇಷ್ಟೇ: ಗುಂಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಉತ್ತರ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು. ಮುಖಂಡಿಗೆ ಇದು ತೀರ ಕಷ್ಟವಾಯಿತು. ಉತ್ತರ ಬಾಯಿಗೆ ಬಂದಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣರಳಿಸಿ ಕೂರುತ್ತಿದ್ದಳು. "ಟೀಚರ್, ಪೇಟ್ ಮೇ ದುಖ್ತಾ ಹೈ" ಎಂದು ನೋವು ಬಂದವಳಂತೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಆದರೂ ಮೊದಲ ವಾರ ಏನೂ ಆಗಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಹೊಸ ಹುಡುಗಿಯದು ಒಂದೇ ಮಾತು: "ಗೊತ್ತಿಲ್ರಿ."

ಎರಡನೆಯ ವಾರ ಘನಫಲದ ಪಾಠ. ಪೆಟ್ಟಿಗೆಯ ಚಿತ್ರ ತೋರಿಸಿ ಉದ್ದ, ಅಗಲ, ಎತ್ತರ ಗುಣಿಸಿ ಎಂದು ಹೇಳಿಕೊಡುವುದು ನನಗೆ ಬೇಕಿರಲಿಲ್ಲ. ಕಾಂಪೌಂಡ್ ಗೋಡೆಯ ದುರಸ್ತಿಗೆಂದು ಗೇಟಿನ ಹತ್ತಿರ ಉಸುಕಿನ ಗುಡ್ಡೆ ಹಾಕಿದ್ದರು. ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ, ಗುಂಪಿಗೊಂದು ಟೇಪು ಕೊಟ್ಟು, ಉಸುಕು ಎಷ್ಟಿದೆ ಹೇಳಿ ಎಂದೆ.

ಐದು ನಿಮಿಷದಲ್ಲಿ ಜಗಳ ಶುರುವಾಯಿತು. ಗುಡ್ಡೆಗೆ ಉದ್ದ ಎಲ್ಲಿಂದ ಎಲ್ಲಿಗೆ? ಎತ್ತರ ಎಂದರೆ ನಡುವಿನದಾ, ಅಂಚಿನದಾ? ಒಂದು ಗುಂಪು ಟ್ಯಾಬಿನಲ್ಲಿ ಹುಡುಕಿ ಶಂಕುವಿನ ಸೂತ್ರ ತೆಗೆಯಿತು. ಅದರಲ್ಲಿದ್ದ ಅಕ್ಷರಗಳು ಯಾರಿಗೂ ತಿಳಿಯಲಿಲ್ಲ. ಇನ್ನೊಂದು ಗುಂಪು ಗುಡ್ಡೆಯ ಮೇಲೆ ಹತ್ತಿ ಟೇಪು ಬಿಟ್ಟು ಜಾರಿ ಬಿತ್ತು. ಗೋಡೆ ಕಟ್ಟುತ್ತಿದ್ದ ಗೌಂಡಿ ಕರಣೆ ಕೆಳಗಿಟ್ಟು ತಮಾಷೆ ನೋಡತೊಡಗಿದ.

ಹೊಸ ಹುಡುಗಿ ಗುಡ್ಡೆಯ ಸುತ್ತ ಒಂದು ಸಲ ನಡೆದು ಬಂದಳು.

"ಮುಕ್ಕಾಲ ಬ್ರಾಸ್ ಆಗ್ತದ" ಎಂದಳು.

ಗೌಂಡಿ ತಲೆ ಎತ್ತಿ ಅವಳನ್ನು ನೋಡಿದ.

"ಅಂದ್ರೆ ಕಿತ್ನಾ?" ಎಂದಳು ಮುಖಂಡಿ. ಹೇಳುವಂತಿಲ್ಲ, ಕೇಳಬಹುದು, ಈ ಸಲ ಅವಳಿಗೆ ಕೇಳುವುದೇ ನಿಜವಾಗಿ ಬೇಕಿತ್ತು.

"ಹತ್ತ ಫೂಟ ಉದ್ದ, ಹತ್ತ ಫೂಟ ಅಗಲ, ಒಂದ ಫೂಟ ಎತ್ತರ. ಅದು ಒಂದ ಬ್ರಾಸ್. ಉಸುಕಿನ ಗಾಡಿ ಬಂದ್ರ ಹಂಗ ಅಳೀತಾರ."

"ಇದು ಗುಡ್ಡ ಇದೆಯಲ್ಲ. ಉದ್ದ ಎಲ್ಲಿದೆ ಇದಕ್ಕೆ?"

"ಮೊದಲ ತಟ್ಟಬೇಕು." ಕೈಯಿಂದ ಗಾಳಿಯಲ್ಲಿ ತೋರಿಸಿದಳು. "ಹಲಿಗಿ ತಗೊಂಡು ತಟ್ಟಿ, ಬಾಜೂ ಸರಳ ಮಾಡಿ, ಪೆಟಿಗಿ ಹಂಗ ಮಾಡಬೇಕು. ಉಸುಕ ಏನ್ ಹೆಚ್ಚಗಿ ಆಗಂಗಿಲ್ಲ, ಕಡಿಮಿ ಆಗಂಗಿಲ್ಲ. ಆಕಾರ ಅಷ್ಟ ಬ್ಯಾರೆ."

ಈ ಕೊನೆಯ ಮಾತನ್ನು ಕಲಿಸಲು ನಾನು ಮೂರು ಪೀರಿಯಡ್ ಇಟ್ಟುಕೊಂಡಿದ್ದೆ.

ಗೌಂಡಿ ಹಲಗೆಯನ್ನೂ ಎರಡು ಸಲಿಕೆಯನ್ನೂ ಕೊಟ್ಟ. ಇಪ್ಪತ್ನಾಲ್ಕು ಜನ ಸೇರಿ ಗುಡ್ಡೆಯನ್ನು ತಟ್ಟಿ ಪೆಟ್ಟಿಗೆ ಮಾಡಿದರು. ಅಂಚು ಹೇಗೆ ನಿಲ್ಲಿಸಬೇಕು, ನೀರು ಎಷ್ಟು ಚಿಮುಕಿಸಬೇಕು ಎಂದು ಅವಳು ಹೇಳುತ್ತ ಹೋದಳು. ಅಳೆದಾಗ ಹತ್ತು ಅಡಿ ಉದ್ದ, ಐದು ಅಡಿ ಅಗಲ, ಎತ್ತರ ಒಂದೂವರೆ ಅಡಿಗೆ ಒಂದು ಬೆರಳು ಕಡಿಮೆ. ನೂರಕ್ಕೆ ಎಪ್ಪತ್ತೈದರ ಹತ್ತಿರ. ಮುಕ್ಕಾಲು. ಗೌಂಡಿ ನನ್ನ ಕಡೆ ತಿರುಗಿ, "ನಿಮ್ಮ ಸಾಲಿ ಹುಡುಗ್ಯಾ ಇಲ್ಲ ಕೆಲಸ ಮಾಡಸೂ ಮುಕಾದಮಾ ಇಕಿ?" ಎಂದ. ಅವಳು ಮೊದಲ ಬಾರಿ ಹಲ್ಲು ಕಾಣುವಂತೆ ನಕ್ಕಳು.

ತಿಳಿವಳಿಕೆ ಇತ್ತು, ಕಾಗದದ ಮೇಲೆ ಬರುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಅವಳ ಮುಖ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಟ್ಯಾಬ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗ. ಆ್ಯಪಿನ ಹಸಿರು ಕೆಂಪನ್ನು ಬದಿಗಿಟ್ಟು, ಅದರಲ್ಲಿದ್ದ ಧ್ವನಿ ರೆಕಾರ್ಡ್ ಮಾಡುವ ಗುಂಡಿಯನ್ನು ತೋರಿಸಿಕೊಟ್ಟೆ. ಅವಳು ಲೆಕ್ಕವನ್ನು ಬಾಯಲ್ಲಿ ಹೇಳುವಳು. ಆಮೇಲೆ ತನ್ನದೇ ಮಾತನ್ನು ಕೇಳುತ್ತ, ನಿಲ್ಲಿಸುತ್ತ, ಒಂದೊಂದು ಸಾಲನ್ನು ಬರೆಯುವಳು. ಗುಂಪಿನವರು ಸುತ್ತ ಕೂತು ಕೇಳುವರು: ಇಲ್ಲಿ ಯಾಕೆ ಗುಣಿಸಿದೆ? ಈ ಹನ್ನೆರಡು ಎಲ್ಲಿಂದ ಬಂತು? ಮೊದಮೊದಲು ತನ್ನ ದನಿ ಕೇಳಿ ನಾಚಿಕೊಂಡಳು. ನಂತರ ನಡುವೆ ನಿಲ್ಲಿಸಿ, "ಇಲ್ಲೆ ನಾ ಸುಳ್ಳ ಹೇಳೀನಿ" ಎಂದು ತಾನೇ ಹಿಡಿಯತೊಡಗಿದಳು. ಭಾಗಾಕಾರವನ್ನೂ ಹೀಗೆಯೇ ದಾಟಿದಳು. ದಶಾಂಶ ಮಾತ್ರ ಕಾಡುತ್ತಿತ್ತು; ಬಿಂದು ಎಲ್ಲಿ ಇಡಬೇಕೆಂಬುದು ಕೊನೆಯವರೆಗೂ ಗಟ್ಟಿಯಾಗಲಿಲ್ಲ. ನನಗೆ ಅದು ಗೊತ್ತಿತ್ತು.

ದೀಪಾವಳಿ ರಜೆಗೆ ಎರಡು ದಿನ ಇರುವಾಗ, ಕೊನೆಯ ಗಂಟೆ ಹೊಡೆದ ಮೇಲೆ ಹೆಡ್ ಟೀಚರ್ ಅವಳನ್ನು ಆಫೀಸಿಗೆ ಕರೆದರು. ನನಗೆ ಒಳಗೆ ಕೂರಲು ಬಿಟ್ಟರು, ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಒಂದು ಹಾಳೆಯಲ್ಲಿ ಲೆಕ್ಕ ಬರೆದು ಅವಳ ಮುಂದೆ ಇಟ್ಟರು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ತೊಟ್ಟಿ. ಎಷ್ಟು ಲೀಟರ್ ನೀರು ಹಿಡಿಯುತ್ತದೆ?

ಒಂದೂವರೆಯನ್ನು ಅವರು ದಶಾಂಶದಲ್ಲಿ ಬರೆದಿದ್ದರು.

ಅವಳು ಓದಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು. ನಂತರ ಕೇಳಿದಳು, "ನೀರ ತುದಿ ಮಟಾ ತುಂಬಿರ್ತದೇನ್ರಿ ಮೇಡಂ?"

"ಯಾಕೆ ಕೇಳ್ತಿ?"

"ಖರೇ ಟಾಕಿ ಆದ್ರ ತುದಿ ಮಟಾ ತುಂಬಂಗಿಲ್ರಿ. ಮ್ಯಾಲ ಪೈಪಿನ ತೂತ ಇರ್ತದ, ಅಲ್ಲೇ ಹೊರಗ ಹೋಗ್ತದ."

ಹೆಡ್ ಟೀಚರ್ ತಾವು ಬರೆದ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. "ಇದಕ್ಕೆ ತೂತಿಲ್ಲ. ತುದಿಯವರೆಗೆ ತುಂಬಿಸು."

ಅವಳು ಬರೆಯತೊಡಗಿದಳು. ತುಟಿ ಅಲ್ಲಾಡುತ್ತಿತ್ತು, ತನಗೆ ತಾನೇ ಹೇಳಿಕೊಂಡು ಬರೆಯುತ್ತಿದ್ದಳು. ನಾನು ಕೂತಲ್ಲಿಂದ ಹಾಳೆ ಕಾಣುತ್ತಿತ್ತು. ಬಿಂದು ಬಿಟ್ಟುಹೋಯಿತು. ಎರಡು ಗುಣಿಸು ಹದಿನೈದು, ಮೂವತ್ತು. ಮೂವತ್ತು ಘನ ಮೀಟರ್. ಮೂವತ್ತು ಸಾವಿರ ಲೀಟರ್. ಬರೆದು ಪೆನ್ಸಿಲ್ ಕೆಳಗಿಟ್ಟಳು.

ನಾನು ಕಿಟಕಿಯ ಕಡೆ ನೋಡಿದೆ. ಆ ಹಾಳೆಯನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಹೆಡ್ ಟೀಚರ್ ಹಾಳೆಗೆ ಕೈ ಚಾಚಿದರು.

"ತಡೀರಿ ಮೇಡಂ" ಎಂದಳು ಅವಳು.

ಹಾಳೆಯ ಮೇಲೆ ಅಂಗೈ ಇಟ್ಟಿದ್ದಳು. "ಸೈಟಿಗೆ ಬರೂ ಟ್ಯಾಂಕರ್ ಹತ್ತ ಸಾವಿರ ಲೀಟರಿಂದು. ಇದು ಮೂರ ಟ್ಯಾಂಕರ್ ಆತು." ಕೈಗಳನ್ನು ಚಾಚಿ ಎರಡು ಮೀಟರ್ ಉದ್ದವನ್ನು ಮೇಜಿನ ಮೇಲೆ ಅಂದಾಜು ಮಾಡಿದಳು; ಆಮೇಲೆ ಅಗಲ, ಆಮೇಲೆ ನೆಲದಿಂದ ಎತ್ತರ. "ಇಷ್ಟರಾಗ ಮೂರ ಟ್ಯಾಂಕರ್ ನೀರ ಹ್ಯಾಂಗ ಹಿಡಿತದ್ರಿ? ನನ್ನ ಲೆಕ್ಕ ತಪ್ಪೈತಿ."

ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ಮೂವತ್ತರ ಮೇಲೆ ಒಂದು ಗೆರೆ ಎಳೆದಳು, ಅಳಿಸಲಿಲ್ಲ. ಒಂದೂವರೆ ಮತ್ತೆ ಒಂದೂವರೆ ಎಂದು ಕೂಡಿಸಿ ಮೂರು ಎಂದು ಬರೆದಳು. ಮೂರು ಸಾವಿರ ಲೀಟರ್. "ಈಗ ಬರೋಬ್ಬರಿ" ಎಂದು ಹಾಳೆಯನ್ನು ತಾನೇ ಮುಂದಕ್ಕೆ ತಳ್ಳಿದಳು.

ಹೆಡ್ ಟೀಚರ್ ಹಾಳೆಯನ್ನು ಬಹಳ ಹೊತ್ತು ನೋಡಿದರು. ಸರಿಯಾದ ಉತ್ತರವನ್ನಲ್ಲ, ಗೆರೆ ಎಳೆದ ಮೂವತ್ತನ್ನು ನೋಡುತ್ತಿದ್ದರು ಎಂದು ನನಗನ್ನಿಸಿತು.

"ಮೂವತ್ತು ವರ್ಷದಲ್ಲಿ ಈ ಲೆಕ್ಕ ಎಷ್ಟು ಮಕ್ಕಳಿಗೆ ಕೊಟ್ಟೆನೋ. ತಪ್ಪು ಮಾಡಿದವರು ಬೇಕಾದಷ್ಟು. ಯಾರೂ ಹೇಳದೆ ತಾವೇ ತಿರುಗಿ ನೋಡಿದವರು ಇಲ್ಲ." ನಂತರ ಅವಳಿಗೆ, "ಏಳರಲ್ಲೇ ಇರು. ಬಿಂದು ಸರಿಯಾಗಿ ಇಡಲಿಕ್ಕೆ ಕಲಿ. ಹೋಗು" ಎಂದರು.

ಅವಳು ಹೊರಗೆ ಹೋದಳು. ಹೊರಗೆ ಗುಂಪಿನ ಮೂವರು ಮನೆಗೆ ಹೋಗದೆ ನಿಂತಿದ್ದರು. ಮುಖಂಡಿಯ ದನಿ ಕೇಳಿತು: "ಏ ಲಂಬೂ, ಕ್ಯಾ ಹುವಾ? ಬೋಲ್ ನಾ." ಇವಳು ಏನೆಂದಳೋ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ನಾಲ್ಕು ಜೋಡಿ ಕಾಲು ಓಡಿ ಇಳಿದದ್ದು ಕೇಳಿಸಿತು.

"ನಿಮ್ಮ ಮದುವೆ ಊಟದ ಹಾಲ್ ನಡೀಲಿ" ಎಂದರು ಹೆಡ್ ಟೀಚರ್, ಡ್ರಾಯರಿಗೆ ಬೀಗ ಹಾಕುತ್ತ.

ನನಗೆ ಹೆಮ್ಮೆಯಾಗಿತ್ತು. ಅವಳ ಬಗ್ಗೆ, ಬಾಯಿ ಮುಚ್ಚಿಕೊಂಡು ಕೂತ ಆ ಮುಖಂಡಿಯ ಬಗ್ಗೆ, ಸ್ವಲ್ಪ ನನ್ನ ಬಗ್ಗೆ ಕೂಡ. ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ, ಒಂದು ಗುಣಾಕಾರಕ್ಕೆ ಇಷ್ಟೊಂದಾ ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿದೆ. ನಮ್ಮದು ಮಧ್ಯಾಹ್ನದ ಶಾಲೆ, ಅಷ್ಟು ಬೇಗ ಹೋಗುವ ಅಗತ್ಯವಿರಲಿಲ್ಲ. ಆದರೆ ಅವಳ ತಾಯಿ ಎಂಟಕ್ಕೆ ಕೆಲಸಕ್ಕೆ ಇಳಿಯುತ್ತಾರೆಂದು ಗೊತ್ತಿತ್ತು. ಸೈಟಿನ ತಗಡಿನ ಗೇಟಿನ ಹೊರಗೆ ಅವರು ತಲೆಯ ಮೇಲಿಡುವ ಸಿಂಬೆ ಸುತ್ತಿಕೊಳ್ಳುತ್ತ ನಿಂತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಏನಾತ್ರಿ ಅಕ್ಕೋರ? ಆಕಿ ರಾತ್ರಿ ಹೇಳಿದ್ಲು. ನಾ ನಂಬಲಿಲ್ಲ."

"ನಂಬಬಹುದು" ಎಂದೆ. "ಏಳರಲ್ಲೇ ಇರ್ತಾಳೆ."

"ಮುಂದಿನ ವರ್ಸ?"

"ಎಂಟು."

"ಹಂಗಾರ ಊರಿಂದ ಹಬ್ಬ ಮುಗಿಸ್ಕೊಂಡು ಲಗೂನ ತಿರಗಿ ಬರ್ತೀವಿ" ಎಂದರು. ಸಿಂಬೆಯನ್ನು ತಲೆಯ ಮೇಲಿಟ್ಟು ಸರಿಮಾಡಿಕೊಂಡು ಒಳಗೆ ಹೋದರು.

ಶಾಲೆಗೆ ಇನ್ನೂ ನಾಲ್ಕು ಗಂಟೆಯಿತ್ತು. ಮಾರ್ಕೆಟ್ಟಿನ ಬದಿಯ ಒಂದು ಹೋಟೆಲಿನಲ್ಲಿ ಚಹಾ ತರಿಸಿಕೊಂಡು, ರಜೆಯ ನಂತರದ ಶೇಕಡಾವಾರು ಪಾಠಕ್ಕೆ ಪ್ರಶ್ನೆಗಳನ್ನು ಬರೆಯಲು ಕೂತೆ. ಎಂಟು ಪ್ರಶ್ನೆ ಬರೆದೆ. ನಂತರ ಒಂದೊಂದನ್ನೇ ಓದುತ್ತ, ಒಬ್ಬರೇ ನಾಲ್ವರ ಪರವಾಗಿ ಉತ್ತರಿಸಿಬಿಡಬಹುದಾದ ಐದನ್ನು ಹೊಡೆದುಹಾಕಿ, ಅವುಗಳ ಜಾಗಕ್ಕೆ ಬೇರೆಯವನ್ನು ಯೋಚಿಸತೊಡಗಿದೆ.